ಹಳೇ ಮನೆಗೆ ನಿಜವಾಗಿ ಎಷ್ಟು ವಯಸ್ಸು? ಕಾಗದದ ಜಾಡು ಹಿಡಿಯುವ ಬಗೆ

ಹಳೇ ಮನೆಯೊಂದನ್ನು ತೋರಿಸಿ 'ಇದು ಯಾವ ಕಾಲದ್ದು?' ಎಂದು ಕೇಳಿ ನೋಡಿ. ಉತ್ತರ ತಕ್ಷಣ ಸಿಗುತ್ತದೆ. 'ಇನ್ನೂರು ವರ್ಷ ದಾಟಿದೆ.' 'ನಮ್ಮ ಮುತ್ತಜ್ಜ ಕಟ್ಟಿಸಿದ್ದು.' 'ಹಿಂದೆ ಯಾರೋ ದೊಡ್ಡ ಅಧಿಕಾರಿ ಇದ್ದರಂತೆ.' ಇವರಲ್ಲಿ ಯಾರಿಗೂ ಸುಳ್ಳು ಹೇಳುವ ಮನಸ್ಸಿಲ್ಲ. ಆದರೆ ಮಾತು ಬಾಯಿಂದ ಬಾಯಿಗೆ ಬರುವಾಗ ಮನೆಗೆ ವಯಸ್ಸು ಸೇರುತ್ತಲೇ ಹೋಗುತ್ತದೆ. ಅಜ್ಜ ರಿಪೇರಿ ಮಾಡಿಸಿದ್ದು ಮೊಮ್ಮಗನ ಕಾಲಕ್ಕೆ ಅಜ್ಜ ಕಟ್ಟಿಸಿದ್ದು ಎಂದಾಗುತ್ತದೆ.

ಖಚಿತ ಉತ್ತರ ಬೇಕಾದರೆ ಕಾಗದ ಹುಡುಕಬೇಕು. ಇದು ಪರಿಣತರಿಗೆ ಮಾತ್ರ ಆಗುವ ಕೆಲಸವೇನಲ್ಲ. ತಾಳ್ಮೆ ಇರುವ ಯಾರು ಬೇಕಾದರೂ ಮಾಡಬಹುದು. ಆದರೆ ಶುರು ಮಾಡುವ ಮೊದಲು ಒಂದು ವಿಷಯ ಚೆನ್ನಾಗಿ ತಿಳಿದಿರಬೇಕು. ಯಾವ ದಾಖಲೆಯೂ ಮನೆಯ ಕಥೆ ಹೇಳಲೆಂದು ಹುಟ್ಟಿದ್ದಲ್ಲ. ಒಂದನ್ನು ಬರೆದದ್ದು ತೆರಿಗೆ ವಸೂಲಿಗೆ. ಇನ್ನೊಂದನ್ನು ಸಾಲದ ಭದ್ರತೆಗೆ. ಮತ್ತೊಂದನ್ನು ಬೆಂಕಿ ಬಿದ್ದರೆ ಎಷ್ಟು ನಷ್ಟ ಎಂದು ಲೆಕ್ಕ ಹಾಕುವುದಕ್ಕೆ. ಮನೆ ಅಲ್ಲೆಲ್ಲ ನಡುವೆ ಬಂದು ಹೋಗುತ್ತದೆ, ಅಷ್ಟೇ. ಹಾಗಾಗಿ ಕಾಗದ ಕೈಗೆ ಬಂದಾಗಲೆಲ್ಲ 'ಇದನ್ನು ಬರೆಸಿದ್ದು ಯಾರು? ಯಾಕೆ?' ಎಂದು ಕೇಳಿ. ಬರೆಸಿದವರಿಗೆ ಯಾವುದು ಮುಖ್ಯವಾಗಿತ್ತೋ ಆ ವಿಷಯದಲ್ಲಿ ಆ ಕಾಗದವನ್ನು ಸುಮಾರಾಗಿ ನಂಬಬಹುದು. ಉಳಿದ ವಿಷಯದಲ್ಲಿ ಅನುಮಾನ ಇಟ್ಟುಕೊಂಡೇ ಓದಬೇಕು.

ಇವತ್ತಿನಿಂದ ಹಿಂದಕ್ಕೆ

ಹೊಸಬರು ಮಾಡುವ ದೊಡ್ಡ ತಪ್ಪು ಒಂದೇ. ಮನೆ 1850ರದ್ದು ಎಂದು ಯಾರೋ ಹೇಳಿರುತ್ತಾರೆ. ಇವರು ನೇರವಾಗಿ 1850ರ ಪುಸ್ತಕ ತೆಗೆದು ಕೂರುತ್ತಾರೆ. ಅಲ್ಲಿ ಮನೆಯ ಸಂಖ್ಯೆ ಬೇರೆ, ಬೀದಿಯ ಹೆಸರು ಬೇರೆ, ಮಾಲೀಕರು ಯಾರೋ ಗೊತ್ತಿಲ್ಲ. ಹೊಂದುವ ಹಾಗೆ ಕಾಣುವ ಒಂದು ಹೆಸರು ಸಿಕ್ಕಿದರೆ ಸಾಕು, ಅದೇ ನಮ್ಮ ಮನೆ ಅಂದುಕೊಂಡುಬಿಡುತ್ತಾರೆ. ಅಲ್ಲಿಂದ ಮುಂದೆ ಎಲ್ಲವೂ ಬೇರೆ ಯಾರದೋ ಮನೆಯ ಚರಿತ್ರೆ.

ಸರಿಯಾದ ದಾರಿ ಇವತ್ತಿನಿಂದ ಹಿಂದಕ್ಕೆ ಹೋಗುವುದು. ಈಗಿನ ಮಾಲೀಕರ ಕ್ರಯಪತ್ರದಲ್ಲಿ ಮಾರಿದವರ ಹೆಸರು ಇರುತ್ತದೆ. ಆ ಮಾರಿದವರು ಹಿಂದೊಮ್ಮೆ ಕೊಂಡವರಾಗಿರಬೇಕು, ಅಲ್ವಾ? ಅವರು ಕೊಂಡ ಪತ್ರ ಹುಡುಕಿ. ಅದರಲ್ಲಿ ಇನ್ನೊಬ್ಬ ಮಾರಿದವರು ಸಿಗುತ್ತಾರೆ. ಹೀಗೆ ಕೊಂಡಿಗೆ ಕೊಂಡಿ ಸೇರಿಸುತ್ತ ಹೋದರೆ ಒಂದು ಸರಪಳಿ ಆಗುತ್ತದೆ. ನಡುವೆ ಒಂದು ಕೊಂಡಿ ತಪ್ಪಿದರೆ ಅದನ್ನು ಹಾರಿ ಮುಂದೆ ಹೋಗಬೇಡಿ. ಅಲ್ಲೇ ನಿಂತು ಹುಡುಕಿ.

ನೋಂದಣಿ ಕಚೇರಿಗಳಲ್ಲಿ ಇದಕ್ಕೆಂದೇ ಸೂಚಿ ಪುಸ್ತಕಗಳು ಇರುತ್ತವೆ. ಕೆಲವು ದೇಶಗಳಲ್ಲಿ ಮಾರಿದವರ ಹೆಸರಿಗೆ ಒಂದು ಸೂಚಿ, ಕೊಂಡವರ ಹೆಸರಿಗೆ ಒಂದು ಸೂಚಿ. ಭಾರತದಲ್ಲಿ 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದನೇ ಸೂಚಿ ಹೆಸರುಗಳದ್ದು, ಎರಡನೇ ಸೂಚಿ ಆಸ್ತಿಯದ್ದು. ಅಂದರೆ ಮಾಲೀಕರ ಹೆಸರು ಗೊತ್ತಿಲ್ಲದಿದ್ದರೂ ಜಾಗದ ವಿವರ ಹಿಡಿದು ಹುಡುಕಲು ಒಂದು ಬಾಗಿಲಿದೆ. ಸ್ಕಾಟ್ಲೆಂಡಿನಲ್ಲಿ ಇಂಥ ಆಸ್ತಿ ರಿಜಿಸ್ಟರ್ 1617ರಿಂದಲೇ ಇದೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಲ್ಲಿ ರಾಬರ್ಟ್ ಟೊರೆನ್ಸ್ ಬೇರೆಯದೇ ಪದ್ಧತಿ ತಂದರು. ಅಲ್ಲಿ ಪತ್ರಗಳ ಸರಪಳಿ ಬೇಕಿಲ್ಲ, ಸರ್ಕಾರದ ರಿಜಿಸ್ಟರಿನಲ್ಲಿ ಹೆಸರಿದ್ದರೆ ಅದೇ ಮಾಲೀಕತ್ವ. ಯಾವ ದೇಶದ ಮನೆಯಾದರೂ ಅಲ್ಲಿ ಎಂಥ ಪದ್ಧತಿ ಇತ್ತು, ಯಾವ ವರ್ಷದಿಂದ ಇತ್ತು ಎಂದು ಮೊದಲು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಕಾನೂನು ಬದಲಾದಾಗ ಹಳೆಯ ಕಾಗದಕ್ಕೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡ್ ಒಂದು ಬೇಸರದ ಉದಾಹರಣೆ. 1925ರ ಆಸ್ತಿ ಕಾನೂನಿನ ನಂತರ ಮಾಲೀಕತ್ವ ತೋರಿಸಲು 30 ವರ್ಷ ಹಿಂದಕ್ಕೆ ಹೋದರೆ ಸಾಕಾಯಿತು. ಅದಕ್ಕಿಂತ ಹಳೆಯ ಪತ್ರಗಳಿಗೆ ಬೆಲೆ ಇಲ್ಲ ಎಂದು ಎಷ್ಟೋ ಮಂದಿ ಅವನ್ನು ಎಸೆದುಬಿಟ್ಟರು. ನೂರಾರು ವರ್ಷ ಜೋಪಾನವಾಗಿದ್ದ ಚರ್ಮದ ಹಾಳೆಗಳೂ ಹೀಗೇ ಹೋದವು. ನಿಮ್ಮ ಕಬೋರ್ಡಿನಲ್ಲಿ ಅಂಥ ಹಳೆಯ ಕಟ್ಟು ಇದ್ದರೆ ದಯವಿಟ್ಟು ಎಸೆಯಬೇಡಿ.

ಸರಪಳಿ ಸಾಮಾನ್ಯವಾಗಿ ಕಡಿಯುವುದು ಸಾವಿನ ಜಾಗದಲ್ಲಿ. ತಂದೆ ತೀರಿಕೊಂಡ, ಮಗ ಅದೇ ಮನೆಯಲ್ಲಿ ಮುಂದುವರಿದ. ಮಾರಾಟ ನಡೆದೇ ಇಲ್ಲ. ಹಾಗಾಗಿ ಕ್ರಯದ ಪುಸ್ತಕದಲ್ಲಿ ಏನೂ ಇರುವುದಿಲ್ಲ. ಅಂಥ ಕಡೆ ಉಯಿಲು, ಪಾಲುಪಟ್ಟಿ, ಮರಣದ ದಾಖಲೆ, ಕೋರ್ಟಿನ ಕಡತ ನೋಡಬೇಕು. ಹೆಣ್ಣುಮಕ್ಕಳ ಮೂಲಕ ಮನೆ ಕೈ ಬದಲಾಗಿದ್ದರೆ ಇನ್ನೂ ಕಷ್ಟ. ಮದುವೆಯಾದ ಮೇಲೆ ಹೆಸರು ಬದಲಾಗುವ ಕಡೆ ಅಳಿಯನ ಹೆಸರು ಎಲ್ಲಿಂದಲೋ ಉದುರಿದ ಹಾಗೆ ಕಾಣುತ್ತದೆ. ಮದುವೆಯ ದಾಖಲೆ ಸಿಕ್ಕಿದ ಕ್ಷಣ ಗಂಟು ಬಿಚ್ಚಿಕೊಳ್ಳುತ್ತದೆ. ಅಡಮಾನ ಪತ್ರಗಳನ್ನೂ ಬಿಡಬೇಡಿ. ಸಾಲ ಕೊಡುವವರು ಭದ್ರತೆ ಏನು ಎಂದು ಕಣ್ಣಿಟ್ಟು ನೋಡುತ್ತಾರೆ. ಕ್ರಯಪತ್ರದಲ್ಲಿ 'ಮನೆ' ಎಂಬ ಒಂದೇ ಪದ ಇದ್ದರೆ, ಅಡಮಾನದಲ್ಲಿ ಎಷ್ಟು ಕೋಣೆ, ಯಾವ ಥರದ ಚಾವಣಿ ಎಂಬುದೂ ಇರಬಹುದು.

ಚಕ್ಕುಬಂದಿ ಎಂಬ ಚಿನ್ನದ ಗಣಿ

ಕ್ರಯಪತ್ರ ಓದುವಾಗ ಎಲ್ಲರೂ ಹೆಸರು, ತಾರೀಕು, ಹಣ ನೋಡಿ ಪುಟ ತಿರುಗಿಸುತ್ತಾರೆ. ನನ್ನ ಪ್ರಕಾರ ಅದರಲ್ಲಿ ಅತಿ ಬೆಲೆಬಾಳುವ ಭಾಗ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಹಿತ್ತಲು, ದಕ್ಷಿಣಕ್ಕೆ ಓಣಿ. ಇಷ್ಟೇ ನಾಲ್ಕು ಸಾಲು. ಆದರೆ ಆ ನಾಲ್ಕು ಸಾಲು ಮನೆಯನ್ನು ನೆಲಕ್ಕೆ ಕಟ್ಟಿಹಾಕುತ್ತದೆ.

ಈ ಉಪಾಯ ಎಷ್ಟು ಹಳೆಯದು ಗೊತ್ತಾ? ಇಂದಿನ ಇರಾಕಿನ ನಿಪ್ಪೂರಿನಲ್ಲಿ ಸುಮಾರು 3,700 ವರ್ಷ ಹಿಂದಿನ ಮಣ್ಣಿನ ಹಲಗೆಗಳು ಸಿಕ್ಕಿವೆ. ಅವುಗಳಲ್ಲಿ ಮನೆ ಮಾರಾಟದ ಪತ್ರಗಳೂ ಇವೆ. ಅವುಗಳ ಬರವಣಿಗೆಯ ಕ್ರಮ ನೋಡಿದರೆ ಆಶ್ಚರ್ಯವಾಗುತ್ತದೆ. ಮೊದಲು ಜಾಗದ ಅಳತೆ. ಆಮೇಲೆ ಅದು ಕಟ್ಟಿದ ಮನೆಯೋ ಖಾಲಿ ಜಾಗವೋ ಎಂಬ ಮಾತು. ಆಮೇಲೆ ಪಕ್ಕದ ಮನೆ ಯಾರದು ಎಂಬ ಹೆಸರು. ಅಗೆದು ತೆಗೆದ ಮನೆಗಳನ್ನೂ ಈ ಹಲಗೆಗಳನ್ನೂ ಜೋಡಿಸಿ ನೋಡಿದ ಪುರಾತತ್ವಜ್ಞರಿಗೆ ಯಾವ ಗೋಡೆಯ ಹಿಂದೆ ಯಾವ ಕುಟುಂಬ ಇತ್ತು, ಅಣ್ಣತಮ್ಮಂದಿರ ನಡುವೆ ಮನೆ ಹೇಗೆ ಪಾಲಾಯಿತು ಎಂದು ಹೇಳಲು ಸಾಧ್ಯವಾಗಿದೆ.

ಚಕ್ಕುಬಂದಿಯ ನಿಜವಾದ ಉಪಯೋಗ ನಿಮ್ಮ ಮನೆಯ ಪತ್ರ ಕಳೆದುಹೋದಾಗ ಗೊತ್ತಾಗುತ್ತದೆ. ನಿಮ್ಮ ಮನೆಯ 1880ರ ಪತ್ರ ಸಿಗಲಿಲ್ಲ ಎಂದುಕೊಳ್ಳಿ. ಪೂರ್ವಕ್ಕಿರುವ ಪಕ್ಕದ ಮನೆಯದ್ದು ಸಿಕ್ಕಿತು. ಅದರ ಪಶ್ಚಿಮದ ಗಡಿಯಲ್ಲಿ ಬರೆದಿರುವ ಹೆಸರೇ ನಿಮ್ಮ ಮನೆಯ ಆಗಿನ ಮಾಲೀಕರದ್ದು. ಅಲ್ಲಿ 'ಇಂಥವರ ಮನೆ' ಎಂದಿದೆಯೋ, 'ಇಂಥವರ ಖಾಲಿ ನಿವೇಶನ' ಎಂದಿದೆಯೋ ನೋಡಿ. ನಿಮ್ಮ ಮನೆಯ ವಯಸ್ಸಿಗೆ ನೆರೆಯವರು ಸಾಕ್ಷಿ ಹೇಳಿದ ಹಾಗಾಯಿತು. ಸುತ್ತಲಿನ ಎಲ್ಲ ಮನೆಗಳ ಚಕ್ಕುಬಂದಿ ಸೇರಿಸಿ ಒಂದು ಹಾಳೆಯ ಮೇಲೆ ಬರೆದು ನೋಡಿ. ಬೀದಿಯ ಹಳೆಯ ನಕ್ಷೆಯೇ ನಿಮ್ಮ ಕೈಯಲ್ಲಿ ತಯಾರಾಗುತ್ತದೆ. ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಖುಷಿ ಕೊಡುವ ಹಂತ ಇದೇ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಪತ್ರ ಬರೆಯುವವರು ಚಕ್ಕುಬಂದಿಯನ್ನು ಹಿಂದಿನ ಪತ್ರದಿಂದ ಹಾಗೇ ನಕಲು ಮಾಡುವುದುಂಟು. ತೀರಿಹೋಗಿ ಮೂವತ್ತು ವರ್ಷವಾದ ನೆರೆಯವರು ಹೊಸ ಪತ್ರದಲ್ಲೂ ಬದುಕಿರುತ್ತಾರೆ. ಹಾಗಾಗಿ ಎರಡು ಪತ್ರಗಳಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಥರ ಇದ್ದರೆ ಅದನ್ನು ಒಂದೇ ಸಾಕ್ಷಿ ಎಂದು ಎಣಿಸಿ. ಎರಡು ಎಂದು ಎಣಿಸಬೇಡಿ.

ಮಾಲೀಕತ್ವದ ಪತ್ರಗಳಿಗೆ ಇನ್ನೊಂದು ದೊಡ್ಡ ಮಿತಿ ಇದೆ. ಅವು ಹೇಳುವುದು ಜಾಗದ ಕಥೆ. 1790ರ ಪತ್ರದಲ್ಲಿ 'ಮನೆ ಸಹಿತ' ಎಂದಿದ್ದರೆ ಆಗ ಅಲ್ಲೊಂದು ಮನೆ ಇತ್ತು ಎಂದಷ್ಟೇ ಅರ್ಥ. ಅದು ಸುಟ್ಟುಹೋಗಿ 1860ರಲ್ಲಿ ಹೊಸದು ಎದ್ದಿರಬಹುದು. ಪತ್ರಗಳು ಎರಡಕ್ಕೂ 'ಮನೆ' ಎಂದೇ ಬರೆಯುತ್ತವೆ.

ತೆರಿಗೆ ಹಾಕುವವರ ಕಣ್ಣು

ಹಾಗಾದರೆ ಕಟ್ಟಿದ ವರ್ಷ ಹೇಳುವವರು ಯಾರು? ತೆರಿಗೆಯವರು. ಹೊಸ ಕಟ್ಟಡ ಎದ್ದರೆ ಅವರಿಗೆ ಹಣ ಬರುತ್ತದೆ, ಹಾಗಾಗಿ ಅವರು ಅದನ್ನು ಬಿಡುವುದಿಲ್ಲ. ಒಂದೇ ಜಾಗದ ಕಂದಾಯವನ್ನು ವರ್ಷ ವರ್ಷವೂ ಸಾಲಾಗಿ ಬರೆದು ನೋಡಿ. ಐದಾರು ವರ್ಷ ಒಂದೇ ಮೊತ್ತ ಇದ್ದು ಒಮ್ಮೆಲೇ ನಾಲ್ಕೈದು ಪಟ್ಟು ಏರಿದರೆ ಅಲ್ಲೇನೋ ಕಟ್ಟಿದ್ದಾರೆ ಎಂದರ್ಥ. ಇಳಿದು ಮತ್ತೆ ಏರಿದರೆ ಹಳೆಯದು ಬಿದ್ದು ಹೊಸದು ಬಂದಿರಬಹುದು. ಆದರೆ ಇಡೀ ಬೀದಿಯ ಮೊತ್ತ ಅದೇ ವರ್ಷ ಏರಿದೆಯೇ ನೋಡಿ. ಏರಿದ್ದರೆ ಅದು ತೆರಿಗೆಯ ದರ ಬದಲಾದದ್ದು, ಮನೆ ಕಟ್ಟಿದ್ದಲ್ಲ. ಇನ್ನು ಕಟ್ಟಡ ಮುಗಿದು ಅದು ಪುಸ್ತಕಕ್ಕೆ ಏರಲು ಒಂದೆರಡು ವರ್ಷ ಹಿಡಿಯುವುದೂ ಸಾಮಾನ್ಯ.

ತೆರಿಗೆ ಏನನ್ನು ಎಣಿಸುತ್ತದೋ ಅದು ದಾಖಲೆಯಲ್ಲಿ ಉಳಿಯುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1662ರಿಂದ 1689ರವರೆಗೆ ಒಲೆಗಳ ಮೇಲೆ ತೆರಿಗೆ ಇತ್ತು. ಹಾಗಾಗಿ ಆ ಕಾಲದ ಪಟ್ಟಿಯಲ್ಲಿ ಯಾರ ಮನೆಯಲ್ಲಿ ಎಷ್ಟು ಒಲೆ ಎಂದು ಸಿಗುತ್ತದೆ. ಮನೆ ಎಷ್ಟು ದೊಡ್ಡದಿತ್ತು ಎಂದು ಅದರಿಂದ ಅಂದಾಜು ಮಾಡಬಹುದು. 1696ರಿಂದ 1851ರವರೆಗೆ ಕಿಟಕಿಗಳ ಮೇಲೆ ತೆರಿಗೆ. ಅದನ್ನು ತಪ್ಪಿಸಲು ಜನ ಕಿಟಕಿ ಮುಚ್ಚಿದರು. ಅಂಥ ಮುಚ್ಚಿದ ಕಿಟಕಿ ಕಂಡರೆ ಈಗ ಎಲ್ಲರೂ 'ತೆರಿಗೆಯಿಂದ ಆದದ್ದು' ಎನ್ನುತ್ತಾರೆ. ಆದರೆ ಎರಡೂ ಕಡೆ ಸಮನಾಗಿ ಕಾಣಲೆಂದು ಶುರುವಿನಲ್ಲೇ ಕಟ್ಟಿದ ಹುಸಿ ಕಿಟಕಿಗಳೂ ಅಲ್ಲಿ ಎಷ್ಟೋ ಇವೆ. 1784ರಿಂದ 1850ರವರೆಗೆ ಇಟ್ಟಿಗೆಗೆ ತೆರಿಗೆ ಇತ್ತು. ಲೆಕ್ಕ ಸಂಖ್ಯೆಯ ಮೇಲೆ, ಹಾಗಾಗಿ ಇಟ್ಟಿಗೆ ಸುಡುವವರು ದೊಡ್ಡ ಇಟ್ಟಿಗೆ ಮಾಡತೊಡಗಿದರು. ಕೊನೆಗೆ 1803ರಲ್ಲಿ ದೊಡ್ಡ ಇಟ್ಟಿಗೆಗೆ ಎರಡರಷ್ಟು ತೆರಿಗೆ ಹಾಕಬೇಕಾಯಿತು. ಗೋಡೆಯಲ್ಲಿ ಅಸಹಜವಾಗಿ ದಪ್ಪ ಇಟ್ಟಿಗೆ ಕಂಡರೆ ಕಾನೂನಿನ ನೆರಳು ಅಲ್ಲಿರಬಹುದು.

ಅಮೆರಿಕದ 1798ರ ನೇರ ತೆರಿಗೆಯ ಪಟ್ಟಿಗಳು ಉಳಿದಿರುವ ಹಲವು ಕಡೆ ಮನೆಯ ಅಳತೆ, ಅಂತಸ್ತು, ಮರದ್ದೋ ಕಲ್ಲಿನದ್ದೋ, ಕಿಟಕಿಗಳೆಷ್ಟು ಎಂಬುದೂ ಇದೆ. ನ್ಯೂಯಾರ್ಕ್ ನಗರ ಇನ್ನೂ ಮುಂದೆ ಹೋಯಿತು. 1939ರಿಂದ 1941ರ ನಡುವೆ ಅಲ್ಲಿನ ತೆರಿಗೆ ಇಲಾಖೆ ನಗರದ ಐದೂ ಭಾಗಗಳ ಕಟ್ಟಡಗಳನ್ನು ಒಂದೊಂದಾಗಿ ಫೋಟೋ ತೆಗೆಸಿತು. ಉದ್ದೇಶ ತೆರಿಗೆ. ಈಗ ಆ ಫೋಟೋಗಳು ಆನ್‌ಲೈನಿನಲ್ಲಿ ಸಿಗುತ್ತವೆ. ತಮ್ಮ ಮನೆಯ ಮೊದಲ ಮುಖ ಹೇಗಿತ್ತು ಎಂದು ಜನ ನೋಡುತ್ತಾರೆ.

ಐರ್ಲೆಂಡಿನ ಮೌಲ್ಯಮಾಪನದ ಪುಸ್ತಕಗಳು ನನಗೆ ಬಹಳ ಇಷ್ಟ. ಅಲ್ಲಿ ತೆರಿಗೆಗಾಗಿ ಜಮೀನು, ಮನೆಗಳಿಗೆ ಬೆಲೆ ಕಟ್ಟಿದ ಗ್ರಿಫಿತ್ ಮೌಲ್ಯಮಾಪನ ಎಂಬ ಪಟ್ಟಿ 1847ರಿಂದ 1864ರವರೆಗೆ ಅಚ್ಚಾಯಿತು. ಆಮೇಲೆ ಬದಲಾವಣೆ ಆದ ಹಾಗೆಲ್ಲ ಗುಮಾಸ್ತರು ಹಳೆಯ ಹೆಸರು ಹೊಡೆದು ಹೊಸ ಹೆಸರು ಬರೆದರು. ಬೇರೆ ಬೇರೆ ವರ್ಷಕ್ಕೆ ಬೇರೆ ಬೇರೆ ಬಣ್ಣದ ಶಾಯಿ. ಒಂದೇ ಸಾಲಿನಲ್ಲಿ ಕೆಂಪು, ನೀಲಿ, ಹಸಿರಿನಲ್ಲಿ ಮೂರು ತಲೆಮಾರು ಕಾಣುತ್ತದೆ. ಮನೆ ಪಾಳು ಬಿದ್ದದ್ದೂ ಅಲ್ಲೇ ಇರುತ್ತದೆ.

ನಕ್ಷೆ, ಸಂಖ್ಯೆ, ಹೆಸರು

ನಕ್ಷೆ ನೋಡುವುದು ಸುಲಭ, ಅದಕ್ಕೇ ಅದು ಮೋಸವನ್ನೂ ಮಾಡುತ್ತದೆ. ನಕ್ಷೆಯ ಮೇಲೆ ಅಚ್ಚಾದ ವರ್ಷ ಇರುತ್ತದೆ. ಅಳತೆ ಮಾಡಿದ್ದು ಅದಕ್ಕೂ ಎಷ್ಟೋ ವರ್ಷ ಮುಂಚೆ ಇರಬಹುದು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಸರ್ವೆ ವರ್ಷವನ್ನೇ ಹಿಡಿಯಿರಿ. ಯಾಕೆ ಮಾಡಿದ ನಕ್ಷೆ ಎಂಬ ಪ್ರಶ್ನೆ ಇಲ್ಲೂ ಮುಖ್ಯ. ಸೈನ್ಯಕ್ಕೆ ಮಾಡಿದ ನಕ್ಷೆಯಲ್ಲಿ ಸೇತುವೆ, ಗುಡ್ಡ ಚೆನ್ನಾಗಿರುತ್ತವೆ. ಮನೆಗಳು ಬರೀ ಗುಂಪಾಗಿ ಒಂದು ಕಪ್ಪು ಚುಕ್ಕೆ. ತೆರಿಗೆಗೆ ಮಾಡಿದ ನಕ್ಷೆಯಲ್ಲಿ ಒಂದೊಂದು ತುಂಡು ಜಾಗಕ್ಕೂ ಸಂಖ್ಯೆ. ನೆಪೋಲಿಯನ್ 1807ರಲ್ಲಿ ಫ್ರಾನ್ಸಿನಲ್ಲಿ ಇಂಥ ಅಳತೆಗೆ ಕಾನೂನು ಮಾಡಿದ. ಆ ಹಾಳೆಗಳನ್ನು ಮನೆ ಹುಡುಕುವವರು ಇಂದಿಗೂ ಬಳಸುತ್ತಾರೆ.

ಬೆಂಕಿ ವಿಮೆಯ ನಕ್ಷೆಗಳು ಇವೆಲ್ಲಕ್ಕಿಂತ ಹೆಚ್ಚು ಮಾತಾಡುತ್ತವೆ. ಅಮೆರಿಕದಲ್ಲಿ 1867ರಿಂದ ಶುರುವಾದ ಸ್ಯಾನ್‌ಬಾರ್ನ್ ನಕ್ಷೆಗಳಲ್ಲಿ ಇಟ್ಟಿಗೆ ಮನೆಗೆ ಗುಲಾಬಿ ಬಣ್ಣ, ಮರದ ಮನೆಗೆ ಹಳದಿ, ಕಲ್ಲಿನ ಮನೆಗೆ ನೀಲಿ. ಯಾವುದು ಬೇಗ ಹೊತ್ತಿ ಉರಿಯುತ್ತದೆ ಎಂದು ವಿಮೆಯವರಿಗೆ ಗೊತ್ತಾಗಬೇಕಿತ್ತು. ಅಂತಸ್ತು ಎಷ್ಟು, ಜಗಲಿ ಎಲ್ಲಿ ಎಂಬುದೂ ಇದೆ. ಆದರೆ ಕಂಪನಿಯವರು ಹೊಸ ಹಾಳೆ ಮುದ್ರಿಸುವ ಬದಲು ಎಷ್ಟೋ ಸಲ ಹಳೆಯದರ ಮೇಲೆ ತಿದ್ದುಪಡಿಯ ಚೂರು ಅಂಟಿಸುತ್ತಿದ್ದರು. ಒಂದೇ ಹಾಳೆಯಲ್ಲಿ ಎರಡು ಮೂರು ಕಾಲ ಇರುತ್ತದೆ. ಲಂಡನ್ನಿನಲ್ಲಿ 1710ರಲ್ಲಿ ಶುರುವಾದ ಸನ್ ಫೈರ್ ಆಫೀಸ್ ತಾನು ವಿಮೆ ಮಾಡಿದ ಮನೆಯ ಗೋಡೆಗೆ ಸೀಸದ ತಗಡು ಹೊಡೆಯುತ್ತಿತ್ತು. ಮೇಲೆ ಸೂರ್ಯನ ಮುಖ, ಕೆಳಗೆ ಪಾಲಿಸಿ ಸಂಖ್ಯೆ. ಆ ಸಂಖ್ಯೆ ಹಿಡಿದು ರಿಜಿಸ್ಟರಿಗೆ ಹೋದರೆ ಮಾಲೀಕರ ಹೆಸರು ಸಿಗುವ ಅವಕಾಶವಿದೆ. ತಗಡನ್ನು ಬೇರೆ ಮನೆಯಿಂದ ಕಿತ್ತು ತಂದು ಹೊಡೆದಿದ್ದರೆ ಮಾತ್ರ ದಾರಿ ತಪ್ಪುತ್ತದೆ.

ಮನೆಯ ಸಂಖ್ಯೆ ಒಂದೇ ಇರುತ್ತದೆ ಎಂದು ನಂಬಿದರೆ ಕೆಟ್ಟಿರಿ. ಶಿಕಾಗೋದಲ್ಲಿ 1909ರಲ್ಲಿ ಬಹುಪಾಲು ಮನೆಗಳ ಸಂಖ್ಯೆ ಬದಲಾಯಿತು. ಅದಕ್ಕಿಂತ ಹಿಂದಿನ ಪುಸ್ತಕದಲ್ಲಿ ಈಗಿನ ಸಂಖ್ಯೆ ಹುಡುಕಿದರೆ ಬೇರೆಯವರ ಮನೆಗೇ ಹೋಗುತ್ತೀರಿ. ಹಳೆಯ ಸಂಖ್ಯೆಗೆ ಹೊಸದು ಯಾವುದು ಎಂದು ತೋರಿಸುವ ಪುಸ್ತಕ ಅಲ್ಲಿದೆ, ಅದನ್ನು ಮೊದಲು ನೋಡಬೇಕು. ಪ್ರಾಗ್ ನಗರದ ಮನೆಗಳ ಮೇಲೆ ಎರಡು ಫಲಕ ಇರುತ್ತವೆ. ನೀಲಿಯದು ಬೀದಿಯ ಸಂಖ್ಯೆ. ಕೆಂಪಿನದರ ಬೇರು 1770ರ ಸುಮಾರಿಗೆ ಆಗ ಅಲ್ಲಿ ಆಳುತ್ತಿದ್ದ ಮರಿಯಾ ಥೆರೇಸಾ ರಾಣಿ ಸೈನ್ಯಕ್ಕೆ ಜನ ಎಣಿಸಲೆಂದು ಹಾಕಿಸಿದ ಸಂಖ್ಯೆಯಲ್ಲಿದೆ. ಆಮೇಲೆ ಕಟ್ಟಿದ ಮನೆಗೆ ಮುಂದಿನ ಸಂಖ್ಯೆ ಕೊಡುತ್ತ ಹೋದರು. ಹಾಗಾಗಿ ಅಕ್ಕಪಕ್ಕದ ಮನೆಗಳ ಸಂಖ್ಯೆ 40 ಮತ್ತು 600 ಎಂದಿದ್ದರೆ ಯಾವುದು ಆಮೇಲೆ ಬಂತು ಎಂಬ ಸುಳಿವು ಫಲಕದಲ್ಲೇ ಇರುತ್ತದೆ.

ಇನ್ನು ಮನೆಯೊಳಗೆ ಇದ್ದವರು. ಮಾಲೀಕರು ಬೇರೆ, ವಾಸ ಇದ್ದವರು ಬೇರೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕ್ರಯಪತ್ರ ಮಾಲೀಕರನ್ನು ತೋರಿಸುತ್ತದೆ. ಐವತ್ತು ವರ್ಷ ಆ ಮನೆಯಲ್ಲಿ ಬಾಡಿಗೆಗೆ ಇದ್ದು, ಅಲ್ಲೇ ಮಕ್ಕಳನ್ನು ಹೆತ್ತು ಸಾಕಿದವರ ಹೆಸರು ಅದರಲ್ಲಿ ಬರುವುದೇ ಇಲ್ಲ. ಅವರು ಸಿಗುವುದು ಜನಗಣತಿ, ಮತದಾರರ ಪಟ್ಟಿ, ಊರಿನ ವಿಳಾಸ ಪುಸ್ತಕ, ಶಾಲೆಯ ದಾಖಲಾತಿ, ಹಳೆಯ ಪತ್ರಿಕೆಗಳಲ್ಲಿ. ಬ್ರಿಟನ್ನಿನಲ್ಲಿ ಗಣತಿಯ ಹಾಳೆಗಳು ನೂರು ವರ್ಷದ ನಂತರ ತೆರೆಯುತ್ತವೆ, ಅಮೆರಿಕದಲ್ಲಿ 72 ವರ್ಷದ ನಂತರ. ಬ್ರಿಟನ್ನಿನ 1841ರ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆ ಇತ್ತು. 34 ವರ್ಷದವರು ಅಲ್ಲಿ 30. ಇದು ಗೊತ್ತಿಲ್ಲದಿದ್ದರೆ ಒಬ್ಬರೇ ವ್ಯಕ್ತಿಯನ್ನು ಇಬ್ಬರೆಂದು ತಿಳಿಯುತ್ತೀರಿ. ಗಣತಿ ಹಾಳೆಯ ಕ್ರಮಸಂಖ್ಯೆ ಮನೆಯ ಸಂಖ್ಯೆಯೂ ಅಲ್ಲ. ಅದು ಗಣತಿದಾರ ನಡೆದ ದಾರಿಯ ಕ್ರಮ. ಮೂಲೆಯ ಛತ್ರವೋ ಶಾಲೆಯೋ ಒಂದು ಗುರುತು ಹಿಡಿದುಕೊಂಡು ಅಲ್ಲಿಂದ ಮನೆ ಮನೆ ಎಣಿಸುತ್ತ ಬಂದರೆ ನಿಮ್ಮ ಬಾಗಿಲು ಸಿಗುತ್ತದೆ.

ಸುಟ್ಟುಹೋದ ಪುಟಗಳು

ಕೆಲವೊಮ್ಮೆ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಯಾಕೆಂದರೆ ಇಲ್ಲ. ಐರ್ಲೆಂಡಿನ ಡಬ್ಲಿನ್ನಿನಲ್ಲಿ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ 1922ರ ಜೂನ್ 30ರಂದು ಅಂತರ್ಯುದ್ಧದ ಸ್ಫೋಟದಲ್ಲಿ, ಬೆಂಕಿಯಲ್ಲಿ ನಾಶವಾಯಿತು. ಏಳುನೂರು ವರ್ಷಗಳ ಕಾಗದ ಬೂದಿಯಾಯಿತು. ಅಮೆರಿಕದ 1890ರ ಗಣತಿಯ ಬಹುಪಾಲು ಹಾಳೆಗಳು 1921ರ ಬೆಂಕಿಯಲ್ಲಿ ಹಾಳಾದವು. ಇಂಗ್ಲೆಂಡ್ ಮತ್ತು ವೇಲ್ಸಿನ 1931ರ ಗಣತಿ 1942ರಲ್ಲಿ ಸುಟ್ಟಿತು. 1941ರಲ್ಲಿ ಯುದ್ಧದಿಂದ ಗಣತಿಯೇ ನಡೆಯಲಿಲ್ಲ. ಹಾಗಾಗಿ ಅಲ್ಲಿ ಆ ಕಾಲಕ್ಕೆ 1939ರ ರಿಜಿಸ್ಟರನ್ನೇ ನೆಚ್ಚಬೇಕು. ಅದು ಯುದ್ಧ ಶುರುವಾದಾಗ ಗುರುತಿನ ಚೀಟಿ ಕೊಡಲು ಮಾಡಿದ ಪಟ್ಟಿ.

ಒಂದು ಬಾಗಿಲು ಮುಚ್ಚಿದರೆ ಅದೇ ಮಾಹಿತಿ ಬೇರೆ ಯಾರಿಗೆ ಬೇಕಾಗಿತ್ತು ಎಂದು ಯೋಚಿಸಿ. ಒಂದೇ ಮನೆಯ ವಿಷಯ ಸಾಲ ಕೊಟ್ಟವರಿಗೂ ವಿಮೆಯವರಿಗೂ ನೀರಿನ ಸಂಪರ್ಕ ಕೊಟ್ಟವರಿಗೂ ವಕೀಲರಿಗೂ ಬೇಕಾಗಿತ್ತು. ಅವರಲ್ಲಿ ಯಾರದೋ ಒಬ್ಬರ ಪುಸ್ತಕ ಉಳಿದಿರುತ್ತದೆ. ಹಾಗೆಂದು, ಪುಸ್ತಕದಲ್ಲಿ ಮನೆಯ ಹೆಸರಿಲ್ಲ ಎಂದಾಕ್ಷಣ ಮನೆಯೇ ಇರಲಿಲ್ಲ ಎಂದು ತೀರ್ಮಾನಿಸಬೇಡಿ. ಆ ಪುಸ್ತಕ ಎಲ್ಲರನ್ನೂ ಬರೆಯುತ್ತಿತ್ತೇ, ತೆರಿಗೆ ಕಟ್ಟುವವರನ್ನು ಮಾತ್ರವೇ ಎಂದು ಮೊದಲು ನೋಡಿ.

ತಾರೀಕು ಓದುವುದರಲ್ಲೂ ಬಲೆ ಇದೆ. ಇಂಗ್ಲೆಂಡಿನಲ್ಲಿ 1752ಕ್ಕೆ ಮುಂಚೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1720ರ ಫೆಬ್ರವರಿ ಎಂದು ಬರೆದದ್ದು ನಮ್ಮ ಲೆಕ್ಕದಲ್ಲಿ 1721. ಹಳೆಯ ಕೈಬರಹ ಓದಲಾಗದಿದ್ದರೆ ಒಂದು ಸುಲಭ ದಾರಿ ಇದೆ. ಅದೇ ಗುಮಾಸ್ತರು ಬರೆದ, ನಿಮಗೆ ಖಚಿತವಾಗಿ ಗೊತ್ತಿರುವ ಊರಿನ ಹೆಸರು, ತಿಂಗಳ ಹೆಸರುಗಳಿಂದ ಒಂದೊಂದು ಅಕ್ಷರ ಎತ್ತಿ ಪಟ್ಟಿ ಮಾಡಿಕೊಳ್ಳಿ. ಎರಡು ಪುಟ ದಾಟುವಷ್ಟರಲ್ಲಿ ಕಣ್ಣು ಪಳಗುತ್ತದೆ.

ಫೋಟೋ ತೆಗೆದ ಪ್ರತಿ ಪುಟದ ಜೊತೆ ಕಡತದ ಸಂಖ್ಯೆ, ಪುಟದ ಸಂಖ್ಯೆ ತಪ್ಪದೆ ಬರೆದಿಡಿ. ನಾನು ಒಮ್ಮೆ ಬರೆಯದೇ ಬಂದೆ. ಮನೆಗೆ ಬಂದು ನೋಡಿದರೆ ಅತಿ ಮುಖ್ಯವಾದ ಪುಟ ಯಾವ ಪುಸ್ತಕದ್ದೆಂದು ಗೊತ್ತಿಲ್ಲ. ಅದನ್ನು ಮತ್ತೆ ಹುಡುಕಲು ಎರಡು ದಿನ ಹೋಯಿತು. ದಾಖಲೆ ಕಚೇರಿಯಲ್ಲಿ 'ನಮ್ಮ ಮನೆಯ ಇತಿಹಾಸ ಬೇಕು' ಎಂದು ಕೇಳಿದರೆ ಅವರಿಗೆ ಏನು ಕೊಡಬೇಕೆಂದು ತಿಳಿಯುವುದಿಲ್ಲ. 'ಈ ಬೀದಿಯ 1890ರಿಂದ 1910ರವರೆಗಿನ ಕಂದಾಯದ ಪುಸ್ತಕ ಇದೆಯಾ?' ಎಂದು ಕೇಳಿ. ಪುಸ್ತಕ ಬರುತ್ತದೆ.

ಮನೆಯ ಮೈಯೇ ಒಂದು ದಾಖಲೆ

ಕಾಗದ ಹೇಳಿದ್ದನ್ನು ಕೊನೆಗೆ ಮನೆಯ ಎದುರು ನಿಲ್ಲಿಸಿ ಪರೀಕ್ಷಿಸಬೇಕು. ಅಟ್ಟ ಹತ್ತಿ, ಮೆಟ್ಟಿಲ ಕೆಳಗೆ ನೋಡಿ, ಯಾರೂ ಅಂದ ಮಾಡಲು ಹೋಗದ ಮೂಲೆಗಳನ್ನು ನೋಡಿ. ಗರಗಸದ ಗುರುತು ನೇರವಾಗಿದ್ದರೆ ಕೈಯಿಂದ ಕೊಯ್ದದ್ದಿರಬಹುದು, ಕಮಾನಿನ ಹಾಗೆ ಬಾಗಿದ್ದರೆ ದುಂಡು ಗರಗಸದ್ದು. ಅಮೆರಿಕದಲ್ಲಿ 1790ರ ದಶಕದವರೆಗೆ ಕಮ್ಮಾರ ಬಡಿದ ಮೊಳೆ, ಆಮೇಲೆ ಯಂತ್ರದಲ್ಲಿ ಕತ್ತರಿಸಿದ ಚಪ್ಪಟೆ ಮೊಳೆ, 1890ರ ದಶಕದಿಂದ ಈಗಿನ ಥರದ ತಂತಿ ಮೊಳೆ ಜಾಸ್ತಿ. ಆದರೆ ಒಂದು ಮೊಳೆ ನೋಡಿ ಮನೆಯ ವಯಸ್ಸು ಹೇಳಬಾರದು. ಅದು ರಿಪೇರಿಯ ಮೊಳೆ ಇರಬಹುದು. ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿದ ವರ್ಷವನ್ನೂ ಹಾಗೇ ನಂಬಬೇಡಿ. ಅದು ಮದುವೆಯದ್ದೋ, ಹೊಸ ಕೋಣೆ ಸೇರಿಸಿದ್ದೋ, ಬೇರೆಡೆಯಿಂದ ತಂದ ಕಲ್ಲೋ ಆಗಿರಬಹುದು.

ಮರದ ತೊಲೆ ಇದ್ದರೆ ಅದರ ಉಂಗುರಗಳಿಂದ ವರ್ಷ ಹೇಳುವ ವಿದ್ಯೆ ಇದೆ. ಖಗೋಳ ವಿಜ್ಞಾನಿ ಎ. ಇ. ಡಗ್ಲಸ್ ಅಮೆರಿಕದ ಅರಿಜೋನಾದಲ್ಲಿ ಇದನ್ನು ಬೆಳೆಸಿದರು. ಮಳೆ ಚೆನ್ನಾಗಿ ಬಂದ ವರ್ಷ ಉಂಗುರ ಅಗಲ, ಬರದ ವರ್ಷ ಕಿರಿದು. ಒಂದು ಪ್ರದೇಶದ ಮರಗಳಲ್ಲೆಲ್ಲ ಈ ಅಗಲ ಕಿರಿದಿನ ಸಾಲು ಹೋಲುತ್ತದೆ. ನಿಮ್ಮ ತೊಲೆಯ ಸಾಲು ಆ ಪ್ರದೇಶದ ಪಟ್ಟಿಯಲ್ಲಿ ಎಲ್ಲಿ ಹೊಂದುತ್ತದೆ ಎಂದು ನೋಡುತ್ತಾರೆ. ತೊಗಟೆಯ ಅಂಚು ಉಳಿದಿದ್ದರೆ ಮರ ಕಡಿದ ವರ್ಷವೇ ಸಿಗುತ್ತದೆ. ಅಂಚು ಕೆತ್ತಿಹೋಗಿದ್ದರೆ 'ಇಂಥ ವರ್ಷದ ನಂತರ' ಎಂದಷ್ಟೇ ಹೇಳಬಹುದು. ಮ್ಯಾಸಚೂಸೆಟ್ಸಿನ ಡೆಡಮ್ ಊರಿನ ಫೇರ್‌ಬ್ಯಾಂಕ್ಸ್ ಮನೆಯನ್ನು ಬಹಳ ಕಾಲ 1636ರದ್ದು ಎನ್ನುತ್ತಿದ್ದರು. ತೊಲೆಗಳು ಹೇಳಿದ್ದು 1637ರಿಂದ 1641ರ ನಡುವೆ ಎಂದು. ಅಲ್ಲಿ ಬಾಯಿ ಮಾತು ಹೆಚ್ಚು ತಪ್ಪಿರಲಿಲ್ಲ. ಎಲ್ಲ ಮನೆಗೂ ಆ ಅದೃಷ್ಟ ಇರುವುದಿಲ್ಲ.

ಇವೆಲ್ಲ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಎಂದು ತಿಳಿಯಲು ಒಂದು ಮನೆ ಊಹಿಸಿಕೊಳ್ಳೋಣ. ಮನೆಯವರ ನಂಬಿಕೆ 1840. ಪತ್ರಗಳ ಸರಪಳಿ 1902ರ ಕ್ರಯದವರೆಗೆ ಹೋಗುತ್ತದೆ. ಅದರಲ್ಲಿ 'ಖಾಲಿ ನಿವೇಶನ' ಎಂದಿದೆ. 1898ರ ಸರ್ವೆಯಲ್ಲೂ ಜಾಗ ಖಾಲಿ. 1911ರ ನಕ್ಷೆಯಲ್ಲಿ ಮನೆ ಇದೆ. ಕಂದಾಯ 1905ರವರೆಗೆ ಒಂದೇ ಮೊತ್ತ, 1906ರಲ್ಲಿ ಐದು ಪಟ್ಟು, ಆದರೆ ಬೀದಿಯ ಉಳಿದ ಮನೆಗಳದ್ದು ಏರಿಲ್ಲ. 1907ರ ವಿಳಾಸ ಪುಸ್ತಕದಲ್ಲಿ ಆ ಜಾಗದಲ್ಲಿ ಒಬ್ಬ ಬಾಡಿಗೆದಾರರ ಹೆಸರು ಮೊದಲ ಬಾರಿ ಬರುತ್ತದೆ. ಅಲ್ಲಿಗೆ ಮನೆ ಎದ್ದದ್ದು 1902 ಮತ್ತು 1906ರ ನಡುವೆ. ಆದರೆ ಅಟ್ಟದ ತೊಲೆಯ ಉಂಗುರ 1838 ಎನ್ನುತ್ತದೆ! ಹತ್ತಿರದಿಂದ ನೋಡಿದರೆ ಆ ತೊಲೆಯಲ್ಲಿ ಈಗ ಯಾವುದಕ್ಕೂ ಕೂಡದ ಹಳೆಯ ಗೂಟದ ತೂತುಗಳಿವೆ. ಬಿದ್ದ ಯಾವುದೋ ಮನೆಯಿಂದ ತಂದು ಹಾಕಿದ ತೊಲೆ. 1840 ಎಂಬ ಮಾತು ಎಲ್ಲಿಂದ ಬಂತು ಎಂಬುದಕ್ಕೂ ಅಲ್ಲೇ ಒಂದು ಸುಳಿವು ಸಿಕ್ಕಿತು. ಮನೆಯವರು ಹೇಳಿದ್ದು ಮನೆಯ ವಯಸ್ಸಲ್ಲ, ತೊಲೆಯ ವಯಸ್ಸು ಇರಬಹುದು.

ಬರೆದಿಡುವಾಗ '1904ರಲ್ಲಿ ಕಟ್ಟಿದ್ದು' ಎಂದು ನಡುವಿನ ವರ್ಷ ಆರಿಸಿ ಬರೆಯಬೇಡಿ. '1902 ಮತ್ತು 1906ರ ನಡುವೆ' ಎಂದೇ ಬರೆಯಿರಿ. ಪಕ್ಕದಲ್ಲಿ ಯಾವ ಕಾಗದದಿಂದ ಗೊತ್ತಾಯಿತು ಎಂದೂ ಬರೆಯಿರಿ. ಊಹೆಯನ್ನು ಊಹೆ ಎಂದೇ ಗುರುತಿಸಿ. ಮನೆಯಲ್ಲಿ ಇದ್ದವರ ಜೀವನದ ನೋವಿನ ಸಂಗತಿಗಳು ಸಿಕ್ಕಿದರೆ, ಅವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆಯೇ ಎಂದು ಯೋಚಿಸಿ, ಅವರನ್ನು ಕೇಳದೆ ಎಲ್ಲರೆದುರು ಇಡಬೇಡಿ. ಆಮೇಲೆ ಎಲ್ಲದರ ಎರಡು ಪ್ರತಿ ಮಾಡಿಸಿ. ಒಂದನ್ನು ಊರಿನ ಗ್ರಂಥಾಲಯಕ್ಕೆ ಕೊಡಿ. ಇನ್ನೊಂದು ಮನೆಯ ಪತ್ರಗಳ ಕಟ್ಟಿನಲ್ಲೇ ಇರಲಿ, ಮುಂದೆ ಆ ಮನೆಗೆ ಬರುವವರ ಕೈಗೆ ಬೀಗದ ಕೈ ಜೊತೆ ಸಿಗುವ ಹಾಗೆ.